ಅಳಿಯನಿಗೆ ನಾನು ಹೇಳಿದ್ದು: ಲಿವರ್ ರೈಫಲ್ಲನ್ನೇ ಇಟ್ಟುಕೋ

ಟೆಕ್ಸಾಸ್‌ನಲ್ಲಿರುವ ಅಕ್ಕನ ಮಗ ಮೊನ್ನೆ ವಿಡಿಯೊ ಕಾಲ್ ಮಾಡಿ, "ಮಾವ, ಎರಡರಲ್ಲಿ ಒಂದು ಮಾರ್ತಿದೀನಿ, ಯಾವುದು ಇಟ್ಕೊಳ್ಳಲಿ?" ಅಂದ. ಒಂದು ಹಳೇ ವಿಂಚೆಸ್ಟರ್ 94, ಟ್ರಿಗರ್ ಬಳಿಯ ಲಿವರ್ ಎಂಬ ಹಿಡಿ ಎಳೆದು ತೋಟಾ ಏರಿಸುವ ರೈಫಲ್. ಇನ್ನೊಂದು ಎಆರ್-15 ಮಾದರಿಯ ಸೆಮಿ ಆಟೋಮ್ಯಾಟಿಕ್. ನಾನೀಗ ಪುಣೆಯ ಕೋಥ್ರೂಡ್‌ನಲ್ಲಿ ಫ್ಲ್ಯಾಟ್‌ವಾಸಿ. ಆದರೆ ಬೆಳೆದದ್ದು ಸಿರ್ಸಿ ಕಡೆಯ ಅಡಿಕೆ ತೋಟದಲ್ಲಿ, ಬೆಳೆ ರಕ್ಷಣೆಯ ಒಂಟಿನಳಿಗೆ ಕೋವಿ ಇದ್ದ ಮನೆಯಲ್ಲಿ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಕೆಲಸ ಏನು ಅಂತ ನೋಡಬೇಕು. ಅವನದ್ದು ಯುದ್ಧವಲ್ಲ, ಸ್ಪರ್ಧೆಯೂ ಅಲ್ಲ. ಜಮೀನಿಗೆ ನುಗ್ಗುವ ಹಂದಿ, ಕೋಳಿಗೂಡಿಗೆ ಬರುವ ನರಿಯಂಥ ಪ್ರಾಣಿ. ರೈಫಲ್ ವರ್ಷವೆಲ್ಲ ಪಿಕಪ್ಪಿನಲ್ಲಿ ಬಿದ್ದಿರುತ್ತದೆ, ಧೂಳು ತಿನ್ನುತ್ತದೆ, ತಿಂಗಳಿಗೊಮ್ಮೆ ಕೈಗೆ ಬರುತ್ತದೆ.

ಸೆಮಿ ಆಟೋಮ್ಯಾಟಿಕ್‌ನ ಗುಣ ದೊಡ್ಡದು. ಸಿಡಿದ ಮದ್ದಿನ ಅನಿಲವೇ ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟನ್ನು ಹಿಂದಕ್ಕೆ ತಳ್ಳಿ, ತೋಟಾದ ಖಾಲಿ ಕೊಳವೆ ಎಸೆದು, ಮುಂದಿನ ತೋಟಾ ಏರಿಸುತ್ತದೆ. ಹೆಗಲಿಗೆ ಪೆಟ್ಟು ಕಡಿಮೆ. ಗುರಿಯಿಂದ ಕಣ್ಣು ತೆಗೆಯದೆ ಎರಡನೇ ಈಡು ಹೊಡೆಯಬಹುದು. ಹಿಂಡು ಚದುರಿ ಓಡುವಾಗ ಇದರ ಬೆಲೆ ಗೊತ್ತಾಗುತ್ತದೆ. ನೆಲಕ್ಕೆ ಮಲಗಿ ಹೊಡೆಯಲೂ ಅದೇ ಸಲೀಸು; ಲಿವರ್ ಆದರೆ ಕೆಳಕ್ಕೆ ಎಳೆದಾಗ ನೆಲಕ್ಕೆ ತಾಗುತ್ತದೆ.

ಇಷ್ಟೆಲ್ಲ ಒಪ್ಪಿಯೂ ನಾನು ಬೇರೆ ಮಾತು ಹೇಳಲು ಕಾರಣವಿದೆ. ಎರಡು ವರ್ಷದ ಹಿಂದೆ ಅಲ್ಲಿಗೆ ಹೋದಾಗ ಒಂದು ಸಂಜೆ ಅವನು ಹಂದಿಗೆ ಎರಡು ಈಡು ಹೊಡೆದು, ತೋಟಾ ತುಂಬುವ ಡಬ್ಬಿ, ಅಂದರೆ ಮ್ಯಾಗಜೀನ್, ಕಳಚಿ ಜೇಬಿಗೆ ಹಾಕಿ, ಎಆರ್ ಅನ್ನು ಪಿಕಪ್ಪಿನ ಬಾಗಿಲಿಗೆ ಒರಗಿಸಿದ. ಅವನ ಆರು ವರ್ಷದ ಮಗ ಅಲ್ಲೇ ಕಲ್ಲು ಆರಿಸುತ್ತಿದ್ದ. "ಒಮ್ಮೆ ಎಳೆದು ನೋಡೋ," ಅಂತ ಅಳಿಯನಿಗೆ ಅಂದೆ. ಹ್ಯಾಂಡಲ್ ಎಳೆದ. ಹಿತ್ತಾಳೆಯ ತೋಟಾ ಒಂದು ಹಾರಿ ಅವನ ಬೂಟಿನ ಹತ್ತಿರ ಬಿತ್ತು, ತುಂಬಿದ ತೋಟಾ. ಅದನ್ನು ಎತ್ತಿಕೊಂಡ ಅವನ ಕೈ ನಡುಗುತ್ತಿತ್ತು. ನನ್ನದೂ.

ಸೆಮಿ ಆಟೋಮ್ಯಾಟಿಕ್ ಪ್ರತಿ ಈಡಿನ ನಂತರ ತಾನೇ ತುಂಬಿಕೊಳ್ಳುತ್ತದೆ; ಮ್ಯಾಗಜೀನ್ ಕಳಚಿದರೂ ಆ ಒಂದು ತೋಟಾ ನಳಿಗೆಯಲ್ಲೇ ಉಳಿಯುತ್ತದೆ. ಲಿವರ್ ರೈಫಲ್ ಹಾಗಲ್ಲ. ಹೊಡೆದ ಮೇಲೆ ನಳಿಗೆಯಲ್ಲಿ ಉಳಿಯುವುದು ಖಾಲಿ ಕೊಳವೆ. ನಾವು ಲಿವರ್ ಎಳೆದು ಮುಚ್ಚಿದರೆ ಮಾತ್ರ ಮುಂದಿನದು ಏರುತ್ತದೆ. ಕುದುರೆ, ಅಂದರೆ ಬಡಿದು ಈಡು ಹಾರಿಸುವ ಸುತ್ತಿಗೆಯಂಥ ಭಾಗ, ಹೊರಗೇ ಇರುವುದರಿಂದ ಎತ್ತಿದೆಯೋ ಇಳಿದಿದೆಯೋ ಪಕ್ಕದಲ್ಲಿ ನಿಂತವನಿಗೂ ಕಾಣುತ್ತದೆ. ಲಿವರ್ ರೈಫಲ್ಲಿನಲ್ಲೂ ಅಪಾಯವಿದೆ. ಹಳೇ ವಿಂಚೆಸ್ಟರ್ ಖಾಲಿ ಮಾಡಬೇಕೆಂದರೆ ನಳಿಗೆಯ ಕೆಳಗಿನ ಉದ್ದ ಕೊಳವೆಯಲ್ಲಿರುವ ಪ್ರತಿ ತೋಟಾವನ್ನೂ ಲಿವರ್ ಎಳೆದೆಳೆದೇ ಹೊರಹಾಕಬೇಕು, ಟ್ರಿಗರ್‌ನಿಂದ ಬೆರಳು ದೂರವಿಟ್ಟು. ತುಂಬಿದ ನಳಿಗೆಯ ಮೇಲೆ ಕುದುರೆ ಇಳಿಸುವಾಗ ಹೆಬ್ಬೆರಳು ಜಾರಬಾರದು.

ಆ ರೈಫಲ್ 1894ರಲ್ಲಿ ಜಾನ್ ಬ್ರೌನಿಂಗ್ ರೂಪಿಸಿದ್ದು. 70 ಲಕ್ಷಕ್ಕೂ ಹೆಚ್ಚು ತಯಾರಾಗಿವೆ. ತೂಕ ಸುಮಾರು 3 ಕಿಲೊ, ಚಪ್ಪಟೆ, ಸೀಟಿನ ಹಿಂದೆ ಸಲೀಸಾಗಿ ಕೂರುತ್ತದೆ. ಅದರ .30-30 ತೋಟಾ 150 ಗಜದೊಳಗೆ ಹಂದಿಗೆ ಧಾರಾಳ ಸಾಕು. ತೋಟಾಗಳು ಆ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ನಮ್ಮ ಬಿಲ್ಡಿಂಗಿನಲ್ಲಿ ಧಾರವಾಡದ ಕಾಕಾ ಒಬ್ಬರಿದ್ದಾರೆ, 1869ರಲ್ಲಿ ಶುರುವಾದ ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಅವರು ಸ್ಟೀಲ್ ಲೋಟ ಎರಡು ಒಂದಕ್ಕೊಂದು ತಾಗಿಸಿ ತೋರಿಸಿದರು: "ಗುಂಡಿನ ಮೂತಿ ಚೂಪ ಇದ್ರ ಮುಂದಿನ ತೋಟಾದ ಬುಡಕ್ಕ ಗುದ್ದತೈತಿ ತಮ್ಮಾ, ಬಡಿದ್ರ ಸಿಡಿಯೋ ಕ್ಯಾಪ್ ಇರೋದು ಅಲ್ಲೇ. ಅದಕ್ಕ ಮೂತಿ ಚಪ್ಪಟೆ ಇರಬೇಕು." ಚಪ್ಪಟೆ ಮೂತಿಗೆ ಗಾಳಿ ಅಡ್ಡ ಬಂದು ದೂರ ಹೋದಂತೆ ಗುಂಡು ಬೇಗ ಕುಸಿಯುತ್ತದೆ. ಇನ್ನೂರು ಗಜ ದಾಟಿ ಹೊಡೆಯುವವರು ಇದನ್ನು ಆರಿಸಬೇಡಿ.

ಇನ್ನೊಂದು ಸಂಗತಿ, ಅಳಿಯನ ಹೆಂಡತಿ ಎಡಚಿ. ಎಆರ್‌ನ ಖಾಲಿ ಕೊಳವೆ ಬಲಕ್ಕೆ, ಅಂದರೆ ಅವಳ ಮುಖದ ಮುಂದೆಯೇ ಹಾರುತ್ತದೆ. ಹಳೇ ವಿಂಚೆಸ್ಟರ್‌ನಲ್ಲಿ ಅದು ಮೇಲಕ್ಕೆ ಹಾರುತ್ತದೆ, ಲಿವರ್‌ಗೆ ಎಡಗೈ ಬಲಗೈ ಎಂಬ ಭೇದವಿಲ್ಲ.

ನಮ್ಮಲ್ಲಿ ಈ ಆಯ್ಕೆಯೇ ಇಲ್ಲ. ಸೆಮಿ ಆಟೋಮ್ಯಾಟಿಕ್ ರೈಫಲ್ ಸಾಮಾನ್ಯ ಪರವಾನಗಿಗೆ ಸಿಗುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ ಒಬ್ಬರಿಗೆ ಎರಡೇ ಕೋವಿ. ಬೆಳೆ ರಕ್ಷಣೆಯ ಕೋವಿ ಇದೆ ಎಂದ ಮಾತ್ರಕ್ಕೆ ಹಂದಿ ಹೊಡೆಯುವ ಹಕ್ಕೂ ಬರುವುದಿಲ್ಲ, ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ಅಪ್ಪಯ್ಯ ಹೊಡೆದದ್ದು ಬಹುಪಾಲು ಆಕಾಶಕ್ಕೆ, ಸದ್ದಿಗಾಗಿ. ಆದರೂ ಪ್ರತಿ ರಾತ್ರಿ ತೋಟದಿಂದ ಬಂದವರು ಹೊಸಿಲು ದಾಟುವ ಮೊದಲು ಕೋವಿಯನ್ನು ನಡುವೆ ಮಡಚಿ ತೆರೆದು, ತೋಟಾ ತೆಗೆದು, ನಳಿಗೆಯನ್ನು ಲಾಟೀನಿಗೆ ಹಿಡಿದು ಒಳಗೆ ನೋಡುತ್ತಿದ್ದರು. ನಾವು ಮಕ್ಕಳೂ ಇಣುಕಿ "ಖಾಲಿ" ಅನ್ನಬೇಕಿತ್ತು. ನಾವು ಅಂದ ಮೇಲೇ ಕೋವಿ ಒಳಗೆ ಬರುತ್ತಿದ್ದದ್ದು.

ಊರಲ್ಲಿ ತಮ್ಮ ಈ ವರ್ಷ ಪರವಾನಗಿ ನವೀಕರಿಸಲೋ ಬೇಡವೋ ಅಂತ ಕೇಳಿದ್ದಾನೆ. ಮಾಡಿಸು ಅಂದಿದ್ದೇನೆ. ದೀಪಾವಳಿಗೆ ಹೋದಾಗ ಅವನ ಮಗಳನ್ನು ಹೊಸಿಲ ಹೊರಗೆ ನಿಲ್ಲಿಸಿಕೊಂಡು ಆ ಖಾಲಿ ನಳಿಗೆ ತೋರಿಸಬೇಕು.