ಎಡಗೈ ರಜೆ ಹಾಕಿದಾಗ

ಕೈ ಮುರಿದದ್ದು ಬೈಕಿನಿಂದ ಬಿದ್ದಲ್ಲ. ಹಾಗೆ ಹೇಳಿಕೊಳ್ಳುವ ಯೋಗವೂ ನನಗೆ ಬರಲಿಲ್ಲ. ಬಚ್ಚಲಲ್ಲಿ ಸೋಪಿನ ಮೇಲೆ ಕಾಲಿಟ್ಟೆ, ಎಡಗೈ ಊರಿದೆ, ಮಣಿಕಟ್ಟು ಲಟಕ್ ಅಂದಿತು. ಆರು ವಾರ ಪ್ಲಾಸ್ಟರ್. ಡಾಕ್ಟರು ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ, "ಬೈಕ್ ಯಾವಾಗ ಓಡಿಸಬಹುದು?" ಅಂತ ಕೇಳಿದೆ. ಪಕ್ಕದಲ್ಲಿದ್ದ ಹೆಂಡತಿ ನೋಡಿದ ನೋಟಕ್ಕೆ ಬಲಗೈಯೂ ನೋಯತೊಡಗಿತು.

ಅವಳ ನೋಟಕ್ಕೆ ಕಾರಣವಿತ್ತು. ಎರಡೂ ಕೈ ಗಟ್ಟಿಯಾಗಿದ್ದಾಗ ಅದೇ ಬೈಕು ತಿಂಗಳುಗಟ್ಟಲೆ ಕವರ್ ಹೊದ್ದು ಮಲಗಿತ್ತು. ಒಂದು ದಿನ ಬಿಸಿಲು ಜಾಸ್ತಿ, ಇನ್ನೊಂದು ದಿನ ಮೋಡ. ಒಂದು ಭಾನುವಾರವಂತೂ ಗಾಳಿ ಸಾಲದು ಅಂತ ಹೋಗಲಿಲ್ಲ. ಟೈರಿನ ಗಾಳಿಯಲ್ಲ, ಹೊರಗಿನದು.

ಪ್ಲಾಸ್ಟರ್ ಹಾಕಿದ ಮರುದಿನದಿಂದ ನೋಡಿ, ಬಿಸಿಲಿಲ್ಲ, ಮಳೆಯಿಲ್ಲ, ತಂಪು ಗಾಳಿ! ಊರಿನ ಬೈಕುಗಳೆಲ್ಲ ನಮ್ಮ ಕಿಟಕಿಯ ಕೆಳಗೇ ಮೂರನೇ ಗೇರಿಗೆ ಬೀಳುತ್ತಿದ್ದವು.

ಅಷ್ಟಕ್ಕೂ ಎಡಗೈ ಮಾಡುವ ಕೆಲಸ ಎಷ್ಟು ಅಂತ ಲೆಕ್ಕ ಹಾಕಿದೆ. ಆಕ್ಸಿಲರೇಟರ್ ಬಲಗೈಯದು, ಮುಂದಿನ ಬ್ರೇಕೂ ಅದರದ್ದೇ. ಹಿಂದಿನ ಬ್ರೇಕಿಗೆ ಬಲಗಾಲು, ಗೇರಿಗೆ ಎಡಗಾಲು. ಎಡಗೈಗೆ ಉಳಿದದ್ದು ಹಾರ್ನು, ಇಂಡಿಕೇಟರ್, ಕ್ಲಚ್ಚು. ಹಾರ್ನಿನ ಬದಲು ಕೂಗಬಹುದು. ಇಂಡಿಕೇಟರನ್ನು ಎಷ್ಟೋ ಜನ ಹೇಗೂ ಹಾಕುವುದಿಲ್ಲ. ತೊಡಕು ಕ್ಲಚ್ ಒಂದೇ, ಅದನ್ನು ಹಿಸುಕಿಯೇ ಗೇರು ಬದಲಿಸಬೇಕು. ಹಾಗಾದ್ರೆ ನಿನ್ನ ಗೇರಿಲ್ಲದ ಸ್ಕೂಟರ್ ಓಡಿಸಬಹುದಲ್ವಾ ಅಂದೆ. "ಅದರಲ್ಲಿ ಎಡಗೈಗೆ ಬ್ರೇಕ್ ಇರುತ್ತೆ ರೀ" ಅಂದಳು. ದಿನಾ ಓಡಿಸುವವಳಿಗೆ ಗೊತ್ತಿರುತ್ತದೆ.

ರಾತ್ರಿ ನಿದ್ದೆ ಬಾರದೆ ಬೈಕಿನ ಚರಿತ್ರೆ ಓದುತ್ತಾ ಕೂತೆ. 1885ರಲ್ಲಿ ಜರ್ಮನಿಯ ಡೈಮ್ಲರ್ ಮತ್ತು ಮೇಬಾಕ್ ಒಂದು ಪೆಟ್ರೋಲ್ ಬೈಕು ಮಾಡಿದರು. ಮರದ ಚೌಕಟ್ಟು, ಅರ್ಧ ಅಶ್ವಶಕ್ತಿಯ ಎಂಜಿನ್, ಬೀಳದಿರಲಿ ಅಂತ ಎರಡೂ ಪಕ್ಕ ಪುಟ್ಟ ಚಕ್ರ. ಡೈಮ್ಲರನ ಮಗ ಅದನ್ನೇರಿ ಹೊರಟ. ಎಂಜಿನ್ ಇದ್ದದ್ದು ಸೀಟಿನ ಕೆಳಗೇ. ದಾರಿಯಲ್ಲಿ ಸೀಟಿಗೆ ಬೆಂಕಿ ಹತ್ತಿತಂತೆ. ಸೀಟು ಅವನದು ಉರಿಯಿತು, ಹೊಟ್ಟೆ ನನ್ನದು. ಪುಣ್ಯವಂತ, ಓಡಿಸಿದನಲ್ಲ!

ಆಮೇಲೆ ನನ್ನ ಗಾಡಿಯ ಚಿಂತೆ ಹತ್ತಿತು. ಸುಮ್ನೆ ನಿಂತರೆ ಬ್ಯಾಟರಿ ತಾನಾಗಿ ಇಳಿಯುತ್ತದೆ, ಚೈನಿಗೆ ತುಕ್ಕು ಬರುತ್ತದೆ, ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗುತ್ತದೆ. ಇದಕ್ಕೆ ಮುಂಚೆ ತಿಂಗಳುಗಟ್ಟಲೆ ನಿಂತಾಗ ಇದೊಂದೂ ನನಗೆ ಹೊಳೆದಿರಲಿಲ್ಲ. ಒಂದು ಮಧ್ಯಾಹ್ನ, ಮನೆಯವರೆಲ್ಲ ಮಲಗಿದಾಗ, ಕೆಳಗೆ ಹೋದೆ. ಸೆಂಟರ್ ಸ್ಟ್ಯಾಂಡ್ ಹಾಕಿದ್ದ ಬೈಕಿನ ಮೇಲೆ ಕೂತೆ. ಬರೀ ಕೂರುವುದಕ್ಕೆ ಹೆಲ್ಮೆಟ್ ಯಾಕೆ ಅಂತ ಕೇಳಬೇಡಿ. ಹಾಕಿದೆ. ಪಟ್ಟಿಯನ್ನು ಗದ್ದಕ್ಕೆ ಒತ್ತಿಕೊಂಡು ಹೇಗೋ ಟಿಕ್ ಅನ್ನಿಸಿದೆ. ಬಾಯಲ್ಲೇ ಎಂಜಿನ್ ಸದ್ದು ಮಾಡಿಕೊಂಡು ಎರಡು ಘಟ್ಟ ಹತ್ತಿ ಇಳಿದೆ. ಬಹಳ ಚೆನ್ನಾಗಿತ್ತು.

ಹೆಲ್ಮೆಟ್ ಬಿಚ್ಚಲು ಹೋದಾಗ ಗೊತ್ತಾಯಿತು, ಒಂದು ಕೈ ಗುಂಡಿ ಒತ್ತಬೇಕು, ಇನ್ನೊಂದು ಪಟ್ಟಿ ಎಳೆಯಬೇಕು. ನನ್ನ ಹತ್ತಿರ ಇದ್ದದ್ದು ಒಂದೇ. ಗೋಡೆಗೆ ಉಜ್ಜಿದೆ, ಮೊಣಕಾಲು ತಂದೆ, ಪ್ಲಾಸ್ಟರಿನಿಂದ ಇಣುಕುತ್ತಿದ್ದ ಬೆರಳುಗಳನ್ನು ಬೇಡಿಕೊಂಡೆ. ಕೊನೆಗೆ ಹಾಗೇ ಮೆಟ್ಟಿಲು ಹತ್ತಿ ಬೆಲ್ ಒತ್ತಿದೆ. ಬಾಗಿಲು ತೆಗೆದ ಮಗಳು ಒಳಗೆ ತಿರುಗಿ, "ಅಮ್ಮಾ, ಯಾರೋ ಕೊರಿಯರ್‌ನವರು" ಅಂದಳು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಫಿಸಿಯೋಥೆರಪಿ ಶುರುವಾಯಿತು. ಕೈಗೊಂದು ಮೆತ್ತನೆಯ ಚೆಂಡು ಕೊಟ್ಟು, "ನಿಧಾನಕ್ಕೆ ಹಿಸುಕಿ, ಬಿಡಿ" ಅಂದರು ಎದುರಿಗೆ ಕೂತ ಮೇಡಂ. ಹಿಸುಕಿದೆ. ಆರು ವಾರದ ಮೇಲೆ ಸಿಕ್ಕಿದ ಕ್ಲಚ್ಚು! ಮೇಜಿನ ಕೆಳಗೆ ಎಡಗಾಲು ತಾನಾಗಿ ಮೇಲೆ ಚಿಮ್ಮಿತು, ಹೋಗಿ ಅವರ ಕಾಲಿಗೇ ಬಡಿಯಿತು. ಅವರು ಕಾಲು ಉಜ್ಜಿಕೊಳ್ಳುತ್ತಾ ನನ್ನನ್ನೇ ಒಂದು ಕ್ಷಣ ನೋಡಿದರು.

"ಎಷ್ಟನೇ ಗೇರು?"

"ಎರಡನೇದು, ಮೇಡಂ" ಅಂದೆ.