ದೂರು ಕೊಟ್ಟ ಮೇಲೆ ಅದು ಯಾರದ್ದು?

ಡಾಕ್ಟರ್ ಮೇಲೆ ದೂರು ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಪೊಲೀಸ್ ಸ್ಟೇಷನ್, ಇಲ್ಲವೇ ಗ್ರಾಹಕರ ಕೋರ್ಟು. ಪರಿಹಾರದ ಹಣ ಬೇಕಿದ್ದರೆ ಕೋರ್ಟೇ ಸರಿ. ಆದರೆ ಈ ಡಾಕ್ಟರ್ ಇನ್ನು ಮುಂದೆಯೂ ರೋಗಿಗಳನ್ನು ನೋಡಬಹುದಾ ಎಂದು ಕೇಳುವ ಜಾಗ ಬೇರೆ. ನಮ್ಮಲ್ಲಿ ಅದು ಕರ್ನಾಟಕ ಮೆಡಿಕಲ್ ಕೌನ್ಸಿಲ್. ನಾನಿರುವ ಇಂಗ್ಲೆಂಡಿನಲ್ಲಿ ಜನರಲ್ ಮೆಡಿಕಲ್ ಕೌನ್ಸಿಲ್, ಎಲ್ಲರ ಬಾಯಲ್ಲಿ ಜಿಎಂಸಿ.

ಇಲ್ಲಿ ದೂರು ಕೊಡಲು ಆನ್‌ಲೈನ್ ಫಾರಂ ಸಾಕು. ಡಾಕ್ಟರ್ ಯಾರು, ಎಲ್ಲಿ, ಯಾವಾಗ, ಏನಾಯಿತು ಎಂದು ಬರೆಯಬೇಕು. ಶುಲ್ಕವಿಲ್ಲ. ವಿಷಯ ಗಂಭೀರ ಅನಿಸಿದರೆ ಆಸ್ಪತ್ರೆಯಿಂದ ದಾಖಲೆ ತರಿಸುವುದು ಜಿಎಂಸಿಯೇ. ತನಿಖೆ ಮುಗಿದ ಮೇಲೆ ಇಬ್ಬರು ಅದನ್ನು ಓದುತ್ತಾರೆ. ಒಬ್ಬರು ವೈದ್ಯರು, ಇನ್ನೊಬ್ಬರು ವೈದ್ಯರಲ್ಲದವರು. ಅಲ್ಲಿಂದ ಮುಂದೆ ಹೋದರೆ ಮ್ಯಾಂಚೆಸ್ಟರಿನ ಟ್ರಿಬ್ಯೂನಲ್. ಅಲ್ಲಿ ವಾದ ಮಾಡುವುದು ಜಿಎಂಸಿಯ ವಕೀಲರು. ರೋಗಿ ಸಾಕ್ಷಿ ಅಷ್ಟೇ.

ಊರಿನಲ್ಲಿ ನಮ್ಮ ಸಂಬಂಧಿಕರೊಬ್ಬರು ದೂರು ಕೊಡಲು ಹೊರಟಾಗ ಫೋನಿನಲ್ಲೇ ಅವರ ಜೊತೆ ಕೂತು ಕಾಗದ ಪತ್ರ ಹೊಂದಿಸಿದೆ. ನೋಟರಿ ಮುಂದೆ ಅಫಿಡವಿಟ್ ಆಗಬೇಕು. ಚಿಕಿತ್ಸೆಯ ಕಾಗದಗಳ ಪ್ರತಿ ಬೇಕು. ಡಾಕ್ಟರ ನೋಂದಣಿ ಸಂಖ್ಯೆ ಬೇಕು. ವೈದ್ಯರ ನಡವಳಿಕೆಗೆಂದು ದೇಶಕ್ಕೆಲ್ಲ ಇರುವ 2002ರ ನಿಯಮದ ಪ್ರಕಾರ ಆ ಸಂಖ್ಯೆ ಔಷಧಿ ಚೀಟಿಯಲ್ಲೂ ರಸೀದಿಯಲ್ಲೂ ಇರಲೇಬೇಕು. ಅವರ ಕೈಯಲ್ಲಿದ್ದ ಚೀಟಿಯಲ್ಲಿ ಹೆಸರಿನ ಕೆಳಗೆ ಡಿಗ್ರಿಗಳ ಸಾಲೇ ಇತ್ತು, ಸಂಖ್ಯೆ ಮಾತ್ರ ಇರಲಿಲ್ಲ.

ನಿಯಮ ಓದಿದರೆ ಕೆಟ್ಟದ್ದೇನಲ್ಲ. ದೂರಿನ ತೀರ್ಮಾನ 6 ತಿಂಗಳಲ್ಲಿ ಆಗಬೇಕು ಎಂದಿದೆ. ಆದರೆ ವಿಚಾರಣೆಯ ಸಾಲು ನೋಡಿ. ಡಾಕ್ಟರ್ ಸ್ವತಃ ಅಥವಾ ವಕೀಲರ ಮೂಲಕ ತಮ್ಮ ಮಾತು ಹೇಳಬಹುದು ಎಂದಿದೆ, ಅದು ಸರಿಯೇ. ದೂರು ಕೊಟ್ಟವರ ಮಾತನ್ನೂ ಕೇಳಬೇಕು ಎಂದು ಅಲ್ಲಿಲ್ಲ. ನನಗೆ ಜಾಸ್ತಿ ಸಿಟ್ಟು ಬರುವುದು ಮೇಲ್ಮನವಿಯ ವಿಚಾರಕ್ಕೆ. ಅದೇ 2002ರ ನಿಯಮದಲ್ಲಿ ನೊಂದವರು ಯಾರೇ ಆಗಲಿ, 60 ದಿನಗಳೊಳಗೆ ದೆಹಲಿಯ ಭಾರತೀಯ ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಹಾಕಬಹುದು ಎಂದಿದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 30ನೇ ಸೆಕ್ಷನ್ ಆ ಹಕ್ಕನ್ನು ವೈದ್ಯರಿಗೆ ಮಾತ್ರ ಹೇಳುತ್ತದೆ. ಅದನ್ನೇ ತೋರಿಸಿ, ಆ ಮಂಡಳಿಯ ಜಾಗಕ್ಕೆ ಬಂದ ಆಯೋಗ ರೋಗಿಗಳ ಅರ್ಜಿಗಳನ್ನು ವಾಪಸ್ ಕಳಿಸಿದೆ.

ಇಂಗ್ಲೆಂಡಿನಲ್ಲೂ ರೋಗಿ ನೇರವಾಗಿ ಮೇಲ್ಮನವಿ ಹಾಕುವಂತಿಲ್ಲ, ನಿಜ. ಆದರೆ ದೂರನ್ನು ಮುಚ್ಚಿದರೆ ಮತ್ತೊಮ್ಮೆ ನೋಡಿ ಎಂದು ಕೇಳಬಹುದು. ಟ್ರಿಬ್ಯೂನಲ್ ತೀರಾ ಮೆದುವಾಯಿತು ಅನಿಸಿದರೆ ಅದನ್ನು ಹೈಕೋರ್ಟಿಗೆ ಒಯ್ಯಲು ಬೇರೊಂದು ಸಂಸ್ಥೆಯೇ ಇದೆ.

ಇಲ್ಲಿಯದೆಲ್ಲ ಒಳ್ಳೆಯದು ಅಂತಲ್ಲ. 2005ರಿಂದ 2013ರ ನಡುವೆ ವಿಚಾರಣೆಯಲ್ಲಿದ್ದ 28 ವೈದ್ಯರು ಆತ್ಮಹತ್ಯೆಯಿಂದ, ಅಥವಾ ಹಾಗೆಂಬ ಶಂಕೆಯಲ್ಲಿ, ತೀರಿಕೊಂಡರು ಎಂದು ಜಿಎಂಸಿಯೇ ಮಾಡಿಸಿದ ಪರಿಶೀಲನೆ ಹೇಳಿತು. ಸುಮ್ನೆ ಎಳೆದಾಡುವ ತನಿಖೆ ಜೀವ ತಿನ್ನುತ್ತದೆ. ಅದಕ್ಕೇ ಅಫಿಡವಿಟ್ ಇರಲಿ, ಸುಳ್ಳು ದೂರು ತಪ್ಪುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜೊಳ್ಳು ಯಾವುದು, ಕಾಳು ಯಾವುದು ಎಂದು ಬೇಗ ತೂರಿ ನೋಡುವುದು ಕೌನ್ಸಿಲ್‌ನ ಕೆಲಸ. ಮನೆಯವರನ್ನು ಕಳೆದುಕೊಂಡವರು ನೋಟರಿ ಹುಡುಕಿ ಅಲೆಯಬೇಕಾ?

30ನೇ ಸೆಕ್ಷನ್‌ಗೆ ರೋಗಿ ಮತ್ತು ಅವರ ಮನೆಯವರನ್ನೂ ಸೇರಿಸಬೇಕು. ತಿದ್ದುಪಡಿ ಆಗುವವರೆಗೆ ಒಂದು ಮಾತು: ಆಸ್ಪತ್ರೆಯ ದಾಖಲೆಯನ್ನು ಬಾಯಲ್ಲಿ ಕೇಳಬೇಡಿ, ಬರೆದು ಕೇಳಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಎಂದು ಅದೇ 2002ರ ನಿಯಮದಲ್ಲಿದೆ. ಕೊಡದಿದ್ದರೆ ಅದನ್ನೂ ದೂರಿನಲ್ಲಿ ಸೇರಿಸಿ.