ಆಡದ ಮಕ್ಕಳಿಗೆ ಆದರದ ಸ್ವಾಗತ

ರಜೆ ಬಂತೆಂದರೆ ಬೆಂಗಳೂರಿನ ತಂದೆತಾಯಂದಿರು ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುವುದೆಂದು ತಲೆ ಕೆಡಿಸಿಕೊಳ್ಳುತ್ತಾರೆ. ಅನಗತ್ಯ ಚಿಂತೆ. ಬಡಾವಣೆಗೊಂದು ಉದ್ಯಾನವಿದೆ. ಅದರ ಗೇಟಿನ ಪಕ್ಕ ಮಗುವಿಗಿಂತ ಎತ್ತರದ ಫಲಕವಿದೆ. ಹೊಸದಾಗಿ ಓದಲು ಕಲಿತ ಮಗುವಿಗೆ ಕಾಲು ಗಂಟೆ ಅಲ್ಲೇ ಕಳೆಯುತ್ತದೆ. ಚೆಂಡಾಟ ನಿಷೇಧ. ಸೈಕಲ್ ನಿಷೇಧ. ಹುಲ್ಲಿನ ಮೇಲೆ ಕಾಲಿಡಬಾರದು. ಮರ ಹತ್ತಬಾರದು. ತಿಂಡಿ ತರಬಾರದು. ಗದ್ದಲ ಮಾಡಬಾರದು. ಕೊನೆಗೆ, ಸ್ವಲ್ಪ ದಪ್ಪ ಅಕ್ಷರದಲ್ಲಿ: ಈ ಉದ್ಯಾನ ನಿಮ್ಮದು.

“ಹಾಗಾದರೆ ಇಲ್ಲಿ ಏನು ಮಾಡಬಹುದು, ಅಪ್ಪಾ?”

“ಉಸಿರಾಡಬಹುದು, ಪುಟ್ಟಿ. ಆ ತಾತನನ್ನು ನೋಡು, ಒಂದು ಮೂಗಿನ ಹೊಳ್ಳೆ ಮುಚ್ಚಿಕೊಂಡು ಹೇಗೆ ಆಡುತ್ತಿದ್ದಾರೆ!”

ಗದ್ದಲದ ನಿಯಮಕ್ಕೆ ಒಂದು ವಿನಾಯಿತಿ ಇದೆ, ಫಲಕದಲ್ಲಿ ಬರೆದಿಲ್ಲ ಅಷ್ಟೆ. ನಗೆಕೂಟದ ಹಿರಿಯರು ಬೆಳಗ್ಗೆ ಕೈಯೆತ್ತಿ ನಿಂತು, ಬೀದಿಯ ನಾಯಿಗಳೆಲ್ಲ ಎದ್ದು ಕೂರುವಂತೆ ‘ಹ್ಹ ಹ್ಹ ಹ್ಹಾ’ ಎಂದರೆ ಅದು ಆರೋಗ್ಯ. ಏಳು ವರ್ಷದ ಹುಡುಗ ನಿಜವಾಗಿಯೇ ನಗು ಬಂದು ನಕ್ಕರೆ ಕಾವಲುಗಾರನ ಸೀಟಿ.

ಜೋಕಾಲಿ ಇಲ್ಲವೆಂದಲ್ಲ. ಎರಡು ಸರಪಳಿಗಳು ನೇತಾಡುತ್ತಿವೆ, ಹಲಗೆ ದುರಸ್ತಿಗೆ ಹೋಗಿದೆ. ಜಾರುಬಂಡೆಯ ತುದಿಯಲ್ಲಿ ನೀರು ನಿಂತಿದೆ. ಪಕ್ಕದ ವ್ಯಾಯಾಮದ ಯಂತ್ರಗಳು ಮಾತ್ರ ಸುಸ್ಥಿತಿಯಲ್ಲಿವೆ, ಆದರೆ ಅವು ದೊಡ್ಡವರಿಗೆ. ಅದರ ಮೇಲೆ ಕುಳಿತು ದೊಡ್ಡವರು ದಿನಪತ್ರಿಕೆ ಓದುತ್ತಾರೆ.

ಬಡಾವಣೆಯ ಉದ್ಯಾನ ಸಾಲದೆನ್ನುವವರಿಗೆ ಲಾಲ್‌ಬಾಗ್ ಇದೆ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಈಗ 240 ಎಕರೆ. ಅಲ್ಲಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅಷ್ಟು ಕಾಲದಿಂದ ಓಡಿಲ್ಲ, ಕಿರುಚಿಲ್ಲ, ಚೆಂಡು ಎಸೆದಿಲ್ಲ. ಉದ್ಯಾನಗಳ ನಿಯಮ ಬರೆಯುವವರು ಕಲ್ಪಿಸಿಕೊಂಡಿರುವ ಆದರ್ಶ ಬಾಲಕ ಬಹುಶಃ ಇದೇ.

ಈ ಶಿಸ್ತಿಗೆ ಅಪವಾದವೆಂದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ. 1962ರಲ್ಲಿ ನೆಹರೂ ಉದ್ಘಾಟಿಸಿದ ಈ ಕಟ್ಟಡದಲ್ಲಿ ಗುಂಡಿ ಒತ್ತಬಹುದು, ಹಿಡಿ ತಿರುಗಿಸಬಹುದು. ಮಕ್ಕಳಿಗೆ ಸರದಿ ಬರಬೇಕಷ್ಟೆ, ಅಪ್ಪಂದಿರು ಬಿಡಬೇಕಲ್ಲ.

ಇಷ್ಟಾದರೂ ಓಡಲೇಬೇಕು, ಹತ್ತಲೇಬೇಕು, ಕಿರುಚಲೇಬೇಕು ಎಂದು ಹಟ ಹಿಡಿಯುವ ಮಕ್ಕಳಿದ್ದಾರೆ. ಅವರಿಗಾಗಿ ಮಾಲ್‌ಗಳ ಮೇಲಂತಸ್ತಿನಲ್ಲಿ ವ್ಯವಸ್ಥೆಯಾಗಿದೆ. ಹೊರಗೆ ನಿಷೇಧವಾಗಿದ್ದೆಲ್ಲ ಇಲ್ಲಿ ಗಂಟೆಯ ಲೆಕ್ಕದಲ್ಲಿ, ತೆರಿಗೆ ಸಮೇತ ಮಾರಾಟಕ್ಕಿದೆ. ಚೆಂಡುಗಳನ್ನು ತೊಟ್ಟಿಯ ತುಂಬ ಸುರಿದಿದ್ದಾರೆ. ಹುಲ್ಲಿನ ಮೇಲೆ ಧಾರಾಳವಾಗಿ ಹೊರಳಬಹುದು, ಪ್ಲಾಸ್ಟಿಕ್‌ನದು. ಹತ್ತಲು ಬಂಡೆಯೂ ಇದೆ, ಅದೂ ಪ್ಲಾಸ್ಟಿಕ್, ನೇರಳೆ ಬಣ್ಣ. ಬರಿಗಾಲಿಗೆ ಪ್ರವೇಶವಿಲ್ಲ, ಮನೆಯಿಂದ ಹಾಕಿಕೊಂಡು ಬಂದ ಕಾಲುಚೀಲವೂ ನಡೆಯದು, ಅವರದ್ದನ್ನೇ ಕೊಳ್ಳಬೇಕು. ಅಡಿಯಲ್ಲಿ ರಬ್ಬರ್ ಚುಕ್ಕೆಗಳಿರುತ್ತವೆ. ಮಗುವಿನ ಜೊತೆ ಒಳಗೆ ಹೋಗುವ ಪೋಷಕರಿಗೂ ಒಂದು ಜೊತೆ. ಸಮಯ ಮೀರಿದರೆ ಹೆಚ್ಚುವರಿ ಶುಲ್ಕ. ಕಾಲುಚೀಲವನ್ನು ಮಾತ್ರ ಮನೆಗೆ ಒಯ್ಯಬಹುದು.